ಯಾವ ಶಾಲೆಗೆ ಹಣ? ಸ್ವಯಂಸೇವಕರು ತೀರ್ಮಾನಿಸುವ ಬಗೆ

ಮಕ್ಕಳ ಓದಿಗೆಂದು ದೇಣಿಗೆ ಕೂಡಿಸಿ ಹಂಚುವ ಸಂಸ್ಥೆಗಳಿಗೆ ಬರುವ ಮನವಿಗಳು ಅವುಗಳ ಕೈಯಲ್ಲಿರುವ ಹಣಕ್ಕಿಂತ ಯಾವಾಗಲೂ ಹೆಚ್ಚು. ಮನವಿಗಳಲ್ಲಿ ಹೆಚ್ಚಿನವು ನಿಜವಾದ ಅಗತ್ಯದಿಂದಲೇ ಬಂದವು. ಹಾಗಾಗಿ ಒಳ್ಳೆಯ ಕೆಲಸವನ್ನು ಕೆಟ್ಟದ್ದರಿಂದ ಬೇರ್ಪಡಿಸುವುದು ಇಲ್ಲಿ ಸುಲಭದ ಭಾಗ. ಒಳ್ಳೆಯ ಹತ್ತು ಕೆಲಸಗಳಲ್ಲಿ ಮೂರನ್ನು ಆರಿಸಿ ಏಳಕ್ಕೆ ಇಲ್ಲವೆನ್ನುವುದು ಕಷ್ಟದ ಭಾಗ. ದೊಡ್ಡ ಪ್ರತಿಷ್ಠಾನಗಳಲ್ಲಿ ಇದನ್ನು ಸಂಬಳ ಪಡೆಯುವ ಅಧಿಕಾರಿಗಳು ಮಾಡುತ್ತಾರೆ. ಹಗಲು ಬೇರೆ ಉದ್ಯೋಗ ಮಾಡಿ, ಸಂಜೆ ಅಥವಾ ಭಾನುವಾರ ಸೇರುವ ಸ್ವಯಂಸೇವಕರೇ ಇದನ್ನು ಮಾಡಬೇಕಾದಾಗ ತೀರ್ಮಾನದ ರೀತಿಯೇ ಬೇರೆಯಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ‘ಆಶಾ ಫಾರ್ ಎಜುಕೇಶನ್’. 1991ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಸಂದೀಪ್ ಪಾಂಡೆ, ದೀಪಕ್ ಗುಪ್ತಾ, ವಿ.ಜೆ.ಪಿ. ಶ್ರೀವಾಸ್ತವ ಇದನ್ನು ಆರಂಭಿಸಿದರು. ಪಾಂಡೆ ಆಮೇಲೆ ಉತ್ತರ ಪ್ರದೇಶಕ್ಕೆ ಮರಳಿ ಹಳ್ಳಿಗಳಲ್ಲಿ ಕೆಲಸಕ್ಕಿಳಿದರು. 2002ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಮೆರಿಕದಲ್ಲಿ ಉಳಿದ ಸಂಸ್ಥೆ ಊರೂರಿನ ವಿಶ್ವವಿದ್ಯಾಲಯಗಳಿಗೂ ಐ.ಟಿ. ಉದ್ಯೋಗಿಗಳ ನಡುವೆಯೂ ಹಬ್ಬಿ ಹಲವಾರು ಘಟಕಗಳಾಗಿ ಬೆಳೆಯಿತು. ಸಂಬಳದ ಸಿಬ್ಬಂದಿಯನ್ನು ಇಟ್ಟುಕೊಳ್ಳದಿರುವುದು ಅದರ ನಿಯಮ. ಹಣ ಕೂಡಿಸುವುದು, ಲೆಕ್ಕ ಬರೆಯುವುದು, ಯೋಜನೆ ಆರಿಸುವುದು, ವರದಿ ಓದುವುದು, ಎಲ್ಲವೂ ಸ್ವಯಂಸೇವಕರ ಪಾಲು. ಯಾವ ಯೋಜನೆಗೆ ಹಣ ಕೊಡಬೇಕೆಂಬುದನ್ನು ಕೇಂದ್ರ ಸಮಿತಿಯೊಂದು ಮೇಲಿನಿಂದ ಹೇಳುವುದಿಲ್ಲ. ಆಯಾ ಘಟಕ ತಾನು ಕೂಡಿಸಿದ ಹಣದ ಬಗ್ಗೆ ತಾನೇ ನಿರ್ಧರಿಸುತ್ತದೆ.

ಸಂಬಳವಿಲ್ಲದ ಈ ಏರ್ಪಾಟಿನಿಂದ ದೇಣಿಗೆಯ ಹಣ ಆಡಳಿತದಲ್ಲಿ ಕರಗುವುದಿಲ್ಲ. ದಾನಿಗಳಿಗೆ ಇದೇ ದೊಡ್ಡ ಆಕರ್ಷಣೆ. ಆದರೆ ಇದಕ್ಕೊಂದು ಬೆಲೆಯೂ ಇದೆ. ಪಿಎಚ್.ಡಿ. ಮುಗಿಸಿದ ವಿದ್ಯಾರ್ಥಿ ಊರು ಬಿಡುತ್ತಾನೆ, ಮಗು ಹುಟ್ಟಿದ ಮೇಲೆ ದಂಪತಿಗೆ ಸಭೆಗೆ ಬರಲು ಬಿಡುವಾಗುವುದಿಲ್ಲ. ಒಂದು ಶಾಲೆಯ ಕಥೆಯನ್ನು ಐದು ವರ್ಷ ತಲೆಯಲ್ಲಿ ಇಟ್ಟುಕೊಂಡಿದ್ದವರು ಹೋದರೆ ಆ ನೆನಪೂ ಅವರ ಜೊತೆ ಹೋಗುತ್ತದೆ. ಪ್ರಸ್ತಾವ, ಬಜೆಟ್, ಭೇಟಿಯ ವರದಿ ಎಲ್ಲವನ್ನೂ ಬರೆದಿಟ್ಟು ಯಾರು ಬೇಕಾದರೂ ನೋಡುವಂತೆ ಇಡುವ ರೂಢಿ ಇಂಥ ಸಂಸ್ಥೆಗಳಲ್ಲಿ ಬಲವಾಗಿರುವುದಕ್ಕೆ ಪಾರದರ್ಶಕತೆಯ ಆದರ್ಶ ಒಂದು ಕಾರಣವಾದರೆ, ಈ ಮರೆವಿನ ಭಯ ಇನ್ನೊಂದು.

ಮನವಿಗಳು ಬರುವ ದಾರಿಯಲ್ಲೇ ಮೊದಲ ಸೋಸುವಿಕೆ ನಡೆದುಹೋಗಿರುತ್ತದೆ, ಅದನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡದಿದ್ದರೂ. ಸ್ವಯಂಸೇವಕರೊಬ್ಬರು ರಜೆಗೆ ಊರಿಗೆ ಹೋದಾಗ ಕಂಡ ಶಾಲೆ, ಈಗಾಗಲೇ ನೆರವು ಪಡೆಯುತ್ತಿರುವ ಸಂಸ್ಥೆಯವರು ಹೇಳಿದ ಇನ್ನೊಂದು ಹೆಸರು, ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದ ಇಮೇಲ್: ಮೇಜಿನ ಮೇಲೆ ಬರುವುದು ಇವು. ಬಳ್ಳಾರಿಯ ಗಣಿ ಪ್ರದೇಶದಲ್ಲೋ ಜಾರ್ಖಂಡಿನ ಕಾಡಂಚಿನಲ್ಲೋ ಹತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ, ಅಮೆರಿಕದಲ್ಲಿ ಯಾರ ಪರಿಚಯವೂ ಇಲ್ಲದ ಗುಂಪು ಈ ಸಾಲಿನಲ್ಲಿ ನಿಲ್ಲುವುದೇ ಕಷ್ಟ. ಇದನ್ನು ಅರಿತ ಘಟಕಗಳು ಹಿಂದಿ, ತಮಿಳು, ಕನ್ನಡದಲ್ಲಿ ಫೋನಿನಲ್ಲೇ ಮಾತಾಡಿ ಪ್ರಸ್ತಾವವನ್ನು ತಾವೇ ಬರೆದುಕೊಳ್ಳುವುದುಂಟು. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಮುಂದಿನ ಜರಡಿ ಕಾನೂನಿನದು. ವಿದೇಶದ ದೇಣಿಗೆ ಪಡೆಯಲು ಭಾರತದ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅಡಿ ನೋಂದಣಿ ಬೇಕು. 1976ರಲ್ಲಿ ಬಂದು 2010ರಲ್ಲಿ ಹೊಸದಾಗಿ ರಚನೆಯಾದ ಈ ಕಾಯ್ದೆಯ ನೋಂದಣಿಗೆ ಐದು ವರ್ಷದ ಅವಧಿ, ಮತ್ತೆ ನವೀಕರಿಸಬೇಕು. 2020ರ ತಿದ್ದುಪಡಿ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿತು. ವಿದೇಶದ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಶಾಲೆಯ ಶಿಕ್ಷಕರ ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳ ಬರುತ್ತವೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ, ನೋಂದಣಿ ಇರುವ ಒಂದು ಸಂಸ್ಥೆ ವಿದೇಶದಿಂದ ಪಡೆದ ಹಣವನ್ನು ಇನ್ನೊಂದಕ್ಕೆ ದಾಟಿಸುವುದು ಪೂರ್ತಿ ನಿಂತುಹೋಯಿತು. ಅದಕ್ಕೆ ಮೊದಲು ನಗರದ ದೊಡ್ಡ ಸಂಸ್ಥೆಯೊಂದು ಹಣ ಪಡೆದು, ತಾಲ್ಲೂಕಿನಲ್ಲಿ ಕೆಲಸ ಮಾಡುವ, ನೋಂದಣಿಯಿರುವ ಚಿಕ್ಕ ಸಂಸ್ಥೆಗಳಿಗೆ ಹಂಚಿ ಅವರ ಲೆಕ್ಕವನ್ನೂ ನೋಡಿಕೊಳ್ಳಬಹುದಿತ್ತು. ದೂರದೂರಿನ ಸಣ್ಣ ಕೆಲಸಗಳನ್ನು ಹುಡುಕಿ ಬೆಂಬಲಿಸಲು ಸ್ವಯಂಸೇವಕರಿಗಿದ್ದ ಹತ್ತಿರದ ದಾರಿ ಅದು.

ಹೀಗಾಗಿ ಪಟ್ಟಿಯಿಂದ ಬಿದ್ದುಹೋಗುವ ಕೆಲವು ಹೆಸರುಗಳಿಗೂ ಅವುಗಳ ಕೆಲಸದ ಗುಣಕ್ಕೂ ಸಂಬಂಧವಿರುವುದಿಲ್ಲ. ಧರ್ಮಪ್ರಚಾರದ ನಂಟು, ಪಕ್ಷ ರಾಜಕೀಯದ ನಂಟು ಇರುವವು ಬೀಳುವುದು ಬೇರೆ. ಅದು ಸಂಸ್ಥೆಯ ಸ್ವಂತ ನಿಲುವು. ಕಾಗದಪತ್ರ ಸಾಲದೆ ಬೀಳುವವೇ ಮನಸ್ಸಿಗೆ ಕಸಿವಿಸಿ ತರುವಂಥವು.

ಯಾವ ಬಗೆಯ ಕೆಲಸಕ್ಕೆ ಹಣ ಎಂಬ ಪ್ರಶ್ನೆಗೆ ಮೂವತ್ತು ವರ್ಷಗಳಲ್ಲಿ ಉತ್ತರ ಬದಲಾಗಿದೆ. 1991ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ 52.21. ಶಾಲೆಯೇ ಇಲ್ಲದ ಹಟ್ಟಿ, ತಾಂಡಾಗಳು ಎಲ್ಲೆಡೆ ಇದ್ದವು. ಒಂದು ಕೋಣೆ, ಒಬ್ಬರು ಶಿಕ್ಷಕರು, ಮೂವತ್ತು ಮಕ್ಕಳ ಅನೌಪಚಾರಿಕ ಶಾಲೆಯೇ ಆಗಿನ ಮಾದರಿ ಯೋಜನೆ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಗಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಹೊಣೆ ಸರ್ಕಾರದ್ದಾಯಿತು. ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲವೆಂದೂ ಅದೇ ಕಾಯ್ದೆ ಹೇಳಿದ್ದರಿಂದ, ಒಂದು ಕೋಣೆಯ ಶಾಲೆಗಳು ಮುಚ್ಚಬೇಕಾಯಿತು, ಇಲ್ಲವೇ ಸಂಜೆಯ ಕಲಿಕಾ ಕೇಂದ್ರಗಳಾಗಬೇಕಾಯಿತು. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯ ಪ್ರಕಾರ 2022ರಲ್ಲಿ ಗ್ರಾಮೀಣ ಭಾರತದ ಈ ವಯಸ್ಸಿನ ಮಕ್ಕಳಲ್ಲಿ ಶೇ 98.4ರಷ್ಟು ಶಾಲೆಗೆ ದಾಖಲಾಗಿದ್ದರು. ಆದರೆ ಐದನೇ ತರಗತಿಯವರಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಅರ್ಧಕ್ಕಿಂತ ಕಡಿಮೆ. ಮಕ್ಕಳು ಶಾಲೆಯೊಳಗಿದ್ದಾರೆ, ಓದು ಒಳಗೆ ಬಂದಿಲ್ಲ. ಆದ್ದರಿಂದ ಈಗಿನ ಮನವಿಗಳಲ್ಲಿ ಸರ್ಕಾರಿ ಶಾಲೆಯ ಹಿಂದುಳಿದ ಮಕ್ಕಳಿಗೆ ಹೆಚ್ಚುವರಿ ಪಾಠ, ಗ್ರಂಥಾಲಯ, ವಿಜ್ಞಾನದ ಪ್ರಯೋಗ, ಶಿಕ್ಷಕರ ತರಬೇತಿ ಹೆಚ್ಚು. ಪೂರ್ಣ ಶಾಲೆ ನಡೆಸುವ ಮನವಿ ಬಂದರೆ ಪಕ್ಕದ ಸರ್ಕಾರಿ ಶಾಲೆಗೆ ಏನಾಗಿದೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ಗುಳೆ ಹೋಗುವ ಕುಟುಂಬಗಳ ಮಕ್ಕಳು, ಅಂಗವಿಕಲ ಮಕ್ಕಳು, ಇಟ್ಟಿಗೆ ಭಟ್ಟಿ ಮತ್ತು ಕಟ್ಟಡ ಕೆಲಸದ ಜಾಗದಲ್ಲಿ ಬೆಳೆಯುವವರು ಇದಕ್ಕೆ ಅಪವಾದ. ಅವರಿಗೆ ಇಂದಿಗೂ ಬೇರೆ ವ್ಯವಸ್ಥೆಯೇ ಬೇಕಾಗುತ್ತದೆ.

ಮೊದಲ ಹಂತ ದಾಟಿದ ಪ್ರಸ್ತಾವವನ್ನು ಘಟಕದ ಒಬ್ಬ ಸ್ವಯಂಸೇವಕ ಕೈಗೆತ್ತಿಕೊಳ್ಳಬೇಕು. ಆಶಾದಲ್ಲಿ ಇವರಿಗೆ ‘ಸ್ಟೀವರ್ಡ್’ ಎನ್ನುತ್ತಾರೆ. ಸಂಸ್ಥೆಗೂ ಘಟಕಕ್ಕೂ ನಡುವಿನ ಮಾತುಕತೆಯೆಲ್ಲ ಇವರ ಮೂಲಕ. ಯಾರೂ ಮುಂದೆ ಬರದಿದ್ದರೆ ಪ್ರಸ್ತಾವ ಅಲ್ಲಿಗೇ ನಿಲ್ಲುತ್ತದೆ. ಇದು ಅನ್ಯಾಯದಂತೆ ಕಂಡರೂ ಅರ್ಥವಿಲ್ಲದ್ದಲ್ಲ: ಬೆನ್ನು ಹತ್ತಿ ಕೇಳುವವರಿಲ್ಲದ ಯೋಜನೆಗೆ ಹಣ ಕಳಿಸಿದರೆ ಎರಡನೇ ವರ್ಷ ಅದರ ಗತಿ ಏನೆಂದು ಹೇಳುವವರೂ ಇರುವುದಿಲ್ಲ.

ಸ್ಟೀವರ್ಡ್ ಮೊದಲು ಪ್ರಶ್ನಾವಳಿ ಕಳಿಸುತ್ತಾರೆ. ಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಮನೆಯವರ ಕಸುಬೇನು, ಶಿಕ್ಷಕರು ಎಷ್ಟು ಓದಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ, ಟ್ರಸ್ಟಿಗಳು ಯಾರು, ಅವರಲ್ಲಿ ಒಂದೇ ಮನೆಯವರು ಎಷ್ಟು ಜನ, ಹಿಂದಿನ ವರ್ಷಗಳ ಆಡಿಟ್ ವರದಿ ಎಲ್ಲಿ. ಕೊನೆಯ ಎರಡು ಪ್ರಶ್ನೆ ಕೇಳಲು ಕೆಲವರಿಗೆ ಮುಜುಗರ. ಉತ್ತರಕ್ಕಿಂತ ಉತ್ತರಿಸುವ ರೀತಿಯೇ ಹೆಚ್ಚು ಹೇಳುತ್ತದೆಂದು ಅನುಭವಿಗಳು ನಂಬುತ್ತಾರೆ. ‘ಇದು ನಮಗೂ ಗೊತ್ತಾಗುತ್ತಿಲ್ಲ, ಹೀಗೆ ಪ್ರಯತ್ನಿಸಿ ಸೋತೆವು’ ಎಂದು ಬರೆಯುವ ಸಂಸ್ಥೆ, ಎಲ್ಲ ನೂರಕ್ಕೆ ನೂರು ಎನ್ನುವ ಸಂಸ್ಥೆಗಿಂತ ಹೆಚ್ಚು ನಂಬಿಕೆ ಗಳಿಸುತ್ತದೆ.

ಬಜೆಟ್ಟಿನಲ್ಲಿ ಓದಬೇಕಾದದ್ದು ಒಟ್ಟು ಮೊತ್ತವಲ್ಲ, ಸಾಲುಗಳು. ಇಂಥ ಯೋಜನೆಗಳ ದೊಡ್ಡ ಖರ್ಚು ಶಿಕ್ಷಕರ ಸಂಬಳ. ಅದನ್ನು ಕಂಡ ಕೂಡಲೇ ದಾನಿಗಳಿಗೆ ಅಸಮಾಧಾನ. ಕಟ್ಟಡ, ಕಂಪ್ಯೂಟರ್, ಬೆಂಚುಗಳಿಗೆ ಹಣ ಕೊಡಲು ಜನ ಮುಂದಾಗುತ್ತಾರೆ; ಅವುಗಳ ಮೇಲೆ ಹೆಸರು ಬರೆಸಬಹುದು, ಫೋಟೊ ತೆಗೆಯಬಹುದು. ಸಂಬಳಕ್ಕೆ ಕೊಟ್ಟದ್ದು ಪ್ರತಿ ತಿಂಗಳೂ ಕರಗಿಹೋಗುತ್ತದೆ. ಆದರೆ ಮಕ್ಕಳು ಕಲಿಯುವುದು ಶಿಕ್ಷಕರಿಂದ. ಹಳ್ಳಿಯ ಇಂಥ ಕೇಂದ್ರಗಳಲ್ಲಿ ಪಾಠ ಹೇಳುವವರು ಬಹುಪಾಲು ಅದೇ ಊರಿನ, ಪಿಯುಸಿ ಅಥವಾ ಬಿ.ಎ. ಮುಗಿಸಿದ ಹೆಣ್ಣುಮಕ್ಕಳು, ಅವರ ಗೌರವಧನ ಸರ್ಕಾರಿ ಶಿಕ್ಷಕರ ವೇತನದ ಸಣ್ಣ ಪಾಲು. ಸಂಬಳ ಕಡಿಮೆ ಇದ್ದಷ್ಟೂ ಯೋಜನೆ ಅಗ್ಗವಾಗಿ ಕಾಣುತ್ತದೆ, ಶಿಕ್ಷಕರು ಬಿಟ್ಟುಹೋಗುವುದೂ ಹೆಚ್ಚುತ್ತದೆ. ಕೇಳಿದ್ದಕ್ಕಿಂತ ಹೆಚ್ಚು ಸಂಬಳ ಸೇರಿಸಿ ಬಜೆಟ್ ತಿದ್ದಿ ಕಳಿಸಿ ಎಂದು ದಾನಿ ಸಂಸ್ಥೆಯೇ ಹೇಳುವುದು ಅಪರೂಪ, ಹೇಳಬೇಕಾದ ಸಂದರ್ಭಗಳು ಅಪರೂಪವಲ್ಲ.

ಒಂದು ಮಗುವಿಗೆ ವರ್ಷಕ್ಕೆ ಎಷ್ಟು ಎಂಬ ಲೆಕ್ಕ ಎಲ್ಲ ಸಭೆಯಲ್ಲೂ ಬರುತ್ತದೆ. ನಲವತ್ತು ಮಕ್ಕಳ ಕೇಂದ್ರಕ್ಕೆ ನಾಲ್ಕು ಲಕ್ಷವೆಂದರೆ ಮಗುವಿಗೆ ಹತ್ತು ಸಾವಿರ. ಸಾವಿರ ಮಕ್ಕಳು ಬಳಸುವ ಸಂಚಾರಿ ಗ್ರಂಥಾಲಯಕ್ಕೆ ಅಷ್ಟೇ ಹಣವಾದರೆ ಮಗುವಿಗೆ ನಾನೂರು. ಅಂಕಿ ಸರಿ, ಹೋಲಿಕೆ ಸರಿಯಲ್ಲ. ಮೊದಲನೆಯದರಲ್ಲಿ ಮಗು ದಿನವಿಡೀ ಇರುತ್ತದೆ, ಎರಡನೆಯದರಲ್ಲಿ ವಾರಕ್ಕೆ ಅರ್ಧ ಗಂಟೆ. ಕಿವುಡ ಮಕ್ಕಳ ಶಾಲೆಯ ಖರ್ಚು ಇವೆರಡಕ್ಕಿಂತ ಹಲವು ಪಟ್ಟು. ಈ ಒಂದೇ ಅಳತೆಗೋಲು ಹಿಡಿದರೆ ಅದು ಎಂದಿಗೂ ಗೆಲ್ಲುವುದಿಲ್ಲ. ಒಂದೇ ಬಗೆಯ ಎರಡು ಯೋಜನೆಗಳ ನಡುವೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ, ಬೇರೆ ಬಗೆಯವುಗಳ ನಡುವೆ ದಾರಿ ತಪ್ಪಿಸುತ್ತದೆ.

ಕಾಗದದಲ್ಲಿ ಒಪ್ಪಿಗೆಯಾದ ಮೇಲೆ ಸ್ಥಳಕ್ಕೆ ಭೇಟಿ. ಇಡೀ ಪ್ರಕ್ರಿಯೆಯಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ರಜೆಯಲ್ಲಿ ಭಾರತಕ್ಕೆ ಬಂದ ಸ್ವಯಂಸೇವಕರು, ಇಲ್ಲವೇ ಬೆಂಗಳೂರಿನಂಥ ನಗರಗಳಲ್ಲಿರುವ ಸ್ವಯಂಸೇವಕರು ಒಂದು ದಿನ ಹೋಗಿ ನೋಡುತ್ತಾರೆ. ಒಳ್ಳೆಯ ಭೇಟಿ ನಿಧಾನವಾಗಿರುತ್ತದೆ. ಹಾರ, ಸ್ವಾಗತ ಗೀತೆ, ಟೀ ಮುಗಿದ ಮೇಲೆ ಕೆಲಸ ಶುರು. ಹಾಜರಿ ಪುಸ್ತಕದ ಹೆಸರುಗಳೆಷ್ಟು, ಎದುರಿಗೆ ಕೂತ ತಲೆಗಳೆಷ್ಟು ಎಂದು ಎಣಿಸುವುದು. ಹಳೆಯ ನೋಟ್‌ಬುಕ್ ತೆಗೆದು ಶಿಕ್ಷಕರ ಕೆಂಪು ಶಾಯಿ ಎಲ್ಲಿಯವರೆಗೆ ಬಂದಿದೆ ನೋಡುವುದು. ಮಗುವಿಗೆ ಓದಲು ಕೊಡಬೇಕಾದದ್ದು ಮಗು ತಾನೇ ತೆರೆದ ಪುಟವನ್ನಲ್ಲ. ಪಾಠ ಬಾಯಿಪಾಠವಾಗಿರುವ ಮಗು ಪುಸ್ತಕ ತಲೆಕೆಳಗಾಗಿ ಹಿಡಿದರೂ ಸರಾಗವಾಗಿ ‘ಓದು’ತ್ತದೆ. ಹಿಂದಿನ ವರ್ಷ ಇದ್ದು ಈ ವರ್ಷ ಇಲ್ಲದ ಮಕ್ಕಳ ಹೆಸರು ಹಿಡಿದು ಎಲ್ಲಿ ಹೋದರೆಂದು ಕೇಳುವುದು, ಸಾಧ್ಯವಾದರೆ ಅವರ ಮನೆಗೇ ಹೋಗುವುದು ಇನ್ನೂ ಒಳ್ಳೆಯದು. ತಾಯಂದಿರು ಸಂಕೋಚ ಬಿಟ್ಟು ಮಾತಾಡಿದರೆ ಟೀಚರ್ ಎಷ್ಟು ಹೊತ್ತಿಗೆ ಬರುತ್ತಾರೆಂಬುದು ಯಾವ ವರದಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಪಕ್ಕದ ಸರ್ಕಾರಿ ಶಾಲೆಗೂ ಹೋಗಿ ಬರಬೇಕು: ಇದೇ ಮಕ್ಕಳ ಹೆಸರು ಬಿಸಿಯೂಟ, ಸಮವಸ್ತ್ರದ ಸಲುವಾಗಿ ಅಲ್ಲಿಯೂ ಇದ್ದರೆ ಆಶ್ಚರ್ಯವಿಲ್ಲ. ಅದು ವಂಚನೆಯೇ ಆಗಬೇಕೆಂದಿಲ್ಲ, ಬಡ ಕುಟುಂಬದ ಜಾಣತನವೂ ಇರಬಹುದು. ಆದರೆ ಗೊತ್ತಿರಬೇಕು.

ಭೇಟಿಗೂ ಮಿತಿಗಳಿವೆ. ಅಮೆರಿಕದಿಂದ ಬರುವವರಿಗೆ ರಜೆ ಸಿಗುವುದು ಹೆಚ್ಚಾಗಿ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಉತ್ತರ ಕರ್ನಾಟಕ, ಮರಾಠವಾಡದ ಕಬ್ಬು ಕಡಿಯುವ ಕುಟುಂಬಗಳು ಗುಳೆ ಹೋಗಿರುತ್ತವೆ. ಅರ್ಧ ಖಾಲಿಯಾದ ತರಗತಿ ನೋಡಿ ಯೋಜನೆ ಬಿದ್ದಿದೆ ಎಂದು ತಪ್ಪು ತಿಳಿಯಬಹುದು. ಉತ್ತರ ಪ್ರದೇಶ, ಬಿಹಾರದಲ್ಲಿ ಚಳಿಗೆ ಶಾಲೆಗಳೇ ಮುಚ್ಚುವ ಕಾಲ ಅದಕ್ಕೆ ಹತ್ತಿರ. ಭಾಷೆ ಇನ್ನೊಂದು ತೊಡಕು. ಮೈಸೂರಿನ ಹುಡುಗಿ ಒಡಿಶಾದ ಆದಿವಾಸಿ ಹಳ್ಳಿಗೆ ಹೋದರೆ ದುಭಾಷಿ ಆಗುವವರು ಆ ಸಂಸ್ಥೆಯವರೇ. ಮಗು ಹೇಳಿದ್ದೂ ಅವರು ಹೇಳಿದ್ದೂ ಒಂದೇ ಎಂದು ತಿಳಿಯುವ ದಾರಿಯಿಲ್ಲ. ಜೊತೆಗೆ ದಾಕ್ಷಿಣ್ಯ. ತಮ್ಮ ಹೊಟ್ಟೆ ಕಟ್ಟಿ ಊಟ ಬಡಿಸಿದವರ ಬಗ್ಗೆ ಕಟು ವರದಿ ಬರೆಯಲು ಗಟ್ಟಿ ಮನಸ್ಸು ಬೇಕು. ಆದ್ದರಿಂದ ಒಬ್ಬರ ಒಂದು ಭೇಟಿಯ ಮೇಲೆ ನಿಲ್ಲದೆ ಬೇರೆ ಬೇರೆ ವರ್ಷ ಬೇರೆ ಬೇರೆಯವರು ಹೋಗಿಬರುವ ಪದ್ಧತಿ ಬೆಳೆದಿದೆ.

ಯೋಜನೆಯಿಂದ ಕಲಿಕೆ ನಿಜಕ್ಕೂ ಹೆಚ್ಚುತ್ತದೆಯೇ ಎಂಬುದಕ್ಕೆ ಕಣ್ಣಳತೆಗಿಂತ ಗಟ್ಟಿಯಾದ ಪುರಾವೆ ಈಗ ಲಭ್ಯ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೇಮರ್ ಮತ್ತು ಜೊತೆಗಾರರ ಪ್ರಯೋಗಗಳು ಕೆಲವು ನೆಚ್ಚಿನ ನಂಬಿಕೆಗಳನ್ನು ಅಲ್ಲಾಡಿಸಿವೆ. ಕೀನ್ಯಾದಲ್ಲಿ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟಾಗ ಮೊದಲೇ ಮುಂದಿದ್ದ ಮಕ್ಕಳ ಅಂಕ ಮಾತ್ರ ಏರಿತು, ಉಳಿದವರದ್ದು ಇದ್ದಲ್ಲೇ ಇತ್ತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಬಹಳ ಮಕ್ಕಳಿಗೆ ಅದು ಮೂರನೆಯ ಭಾಷೆ. ಉದಯಪುರದ ಸೇವಾ ಮಂದಿರ ನಡೆಸುತ್ತಿದ್ದ ಒಬ್ಬರೇ ಶಿಕ್ಷಕರ ಅನೌಪಚಾರಿಕ ಕೇಂದ್ರಗಳಲ್ಲಿ ದಿನಾಂಕ, ಸಮಯ ಅಚ್ಚಾಗುವ ಕ್ಯಾಮೆರಾ ಕೊಟ್ಟು, ಮಕ್ಕಳ ಜೊತೆ ಬೆಳಗ್ಗೆ ಒಂದು, ಸಂಜೆ ಒಂದು ಫೋಟೊ ತೆಗೆಸಿ, ಬಂದ ದಿನಗಳ ಮೇಲೆ ಸಂಬಳ ಕಟ್ಟಿದಾಗ ಶಿಕ್ಷಕರ ಗೈರುಹಾಜರಿ ಶೇ 42ರಿಂದ ಶೇ 21ಕ್ಕೆ ಇಳಿಯಿತು. ವಡೋದರಾ, ಮುಂಬೈಗಳಲ್ಲಿ ಪ್ರಥಮ್ ನಡೆಸಿದ ‘ಬಾಲಸಖಿ’ ಕಾರ್ಯಕ್ರಮದಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಕೆಲವು ಗಂಟೆ ಬೇರೆ ಕೂರಿಸಿ, ಸ್ಥಳೀಯ ಯುವತಿಯೊಬ್ಬಳು ಅವರ ಮಟ್ಟಕ್ಕಿಳಿದು ಕಲಿಸಿದಾಗ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು.

ನಲವತ್ತು ಮಕ್ಕಳ ಕೇಂದ್ರಕ್ಕೆ ಹಣ ಕೊಡುವ ಘಟಕ ಇಂಥ ಪ್ರಯೋಗವನ್ನು ತಾನೇ ನಡೆಸಲಾರದು, ನಡೆಸಹೊರಟರೆ ಅಳತೆಯ ಖರ್ಚೇ ಪಾಠದ ಖರ್ಚನ್ನು ಮೀರುತ್ತದೆ. ಅದು ಮಾಡಬಹುದಾದದ್ದು ಬೇರೆಡೆ ಗೊತ್ತಾದದ್ದನ್ನು ಓದಿಕೊಂಡು ಪ್ರಶ್ನೆಗಳನ್ನು ಹರಿತ ಮಾಡಿಕೊಳ್ಳುವುದು. ವರ್ಷದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಪ್ರತಿ ಮಗುವಿನ ಓದು ಯಾವ ಮಟ್ಟದಲ್ಲಿತ್ತು ಎಂಬ ಒಂದು ಪುಟದ ಪಟ್ಟಿ, ‘ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚಿದೆ’ ಎಂಬ ಹತ್ತು ಪುಟಕ್ಕಿಂತ ಮೇಲು.

ಇಷ್ಟೆಲ್ಲ ಕೈಗೆ ಬಂದ ಮೇಲೆ ಸಭೆ. ಕ್ಯಾಲಿಫೋರ್ನಿಯಾದ ಸಂಜೆ ಭಾರತದ ಬೆಳಗು. ಕೆಲವೊಮ್ಮೆ ಶಾಲೆಯವರೇ ಫೋನಿನಲ್ಲಿ ಇರುತ್ತಾರೆ. ಸ್ಟೀವರ್ಡ್ ವಿವರ ಮಂಡಿಸುತ್ತಾರೆ, ಉಳಿದವರು ಕೆದಕುತ್ತಾರೆ. ಮೊದಲು ಎಲ್ಲರೂ ಒಪ್ಪುವಂತೆ ಮಾಡಲು ಪ್ರಯತ್ನ, ಆಗದಿದ್ದರೆ ಮತ. ನಿಯತವಾಗಿ ಸಭೆಗೆ ಬರುವವರಿಗಷ್ಟೇ ಮತ ಕೊಡುವ ನಿಯಮ ಹಲವೆಡೆ ಇರುತ್ತದೆ. ಗೆಳೆಯರನ್ನು ಒಂದು ದಿನಕ್ಕೆ ಕರೆತಂದು ತಮಗೆ ಬೇಕಾದ ಯೋಜನೆ ಪಾಸು ಮಾಡಿಸಿಕೊಳ್ಳದಿರಲಿ ಎಂದು. ಸಭೆಯ ದೊಡ್ಡ ದೌರ್ಬಲ್ಯ ಸ್ಟೀವರ್ಡ್‌ರ ಮಮತೆ. ತಿಂಗಳುಗಟ್ಟಲೆ ಆ ಮಕ್ಕಳ ಬಗ್ಗೆಯೇ ಓದಿದವರು ವಕೀಲರಾಗಿಬಿಡುತ್ತಾರೆ. ಗೆಳೆಯನ ಮನಸ್ಸು ನೋಯಿಸಬಾರದೆಂದು ಉಳಿದವರು ಸುಮ್ಮನಾಗುತ್ತಾರೆ. ಅದಕ್ಕೆಂದೇ ಎದುರು ವಾದ ಮಾಡಲು ಒಬ್ಬರನ್ನು ನೇಮಿಸುವುದು, ಪ್ರಸ್ತಾವವನ್ನು ಬೇರೆ ಊರಿನ ಘಟಕಗಳಿಗೂ ಕಳಿಸಿ ಅಭಿಪ್ರಾಯ ಕೇಳುವುದು ಒಳ್ಳೆಯ ಉಪಾಯಗಳು. ತೀರ್ಮಾನ ಹೌದು, ಇಲ್ಲ ಎಂಬ ಎರಡರಲ್ಲೇ ಮುಗಿಯಬೇಕಿಲ್ಲ. ಒಂದು ವರ್ಷಕ್ಕೆ ಮಾತ್ರ, ಬಜೆಟ್ಟಿನ ಅರ್ಧ ಮಾತ್ರ, ವಾಹನ ಬಿಟ್ಟು ಉಳಿದದ್ದು ಎಂದೂ ಆಗುತ್ತದೆ. ಪೂರ್ತಿ ಬಜೆಟ್ ಒಬ್ಬರೇ ಹೊರುವುದಕ್ಕೆ ಜಾಣರು ಹಿಂಜರಿಯುತ್ತಾರೆ. ಯಾವುದಾದರೂ ವರ್ಷ ಘಟಕಕ್ಕೆ ದೇಣಿಗೆ ಕಡಿಮೆಯಾದರೆ ಶಾಲೆಯೇ ನಿಲ್ಲುತ್ತದೆ.

ಹಣ ಒಂದೇ ಸಲ ಹೋಗುವುದಿಲ್ಲ, ಕಂತುಗಳಲ್ಲಿ ಹೋಗುತ್ತದೆ; ಹಿಂದಿನ ಕಂತಿನ ಲೆಕ್ಕ, ವರದಿ ಬಂದ ಮೇಲೆ ಮುಂದಿನದು. ವರ್ಷದ ಕೊನೆಗೆ ನವೀಕರಣದ ಚರ್ಚೆ. ಹೊಸ ಯೋಜನೆಗೆ ಹೂಡುವ ಶ್ರಮದ ಕಾಲುಭಾಗವೂ ನವೀಕರಣಕ್ಕೆ ಸಿಗುವುದಿಲ್ಲ, ಆದರೆ ಹಣದ ಹೆಚ್ಚಿನ ಪಾಲು ಹೋಗುವುದು ಹಳೆಯ ಯೋಜನೆಗಳಿಗೇ. ನಿಲ್ಲಿಸುವುದು ಶುರು ಮಾಡುವುದಕ್ಕಿಂತ ಕಷ್ಟ. ಲೆಕ್ಕ ತಪ್ಪಿದ್ದರೆ, ಸುಳ್ಳು ಹೇಳಿದ್ದು ಕಂಡರೆ ನಿರ್ಧಾರ ತಾನಾಗಿಯೇ ಆಗುತ್ತದೆ. ಕೆಲಸ ಪ್ರಾಮಾಣಿಕ, ಆದರೆ ನಾಲ್ಕು ವರ್ಷದಿಂದ ಮಕ್ಕಳ ಓದು ಮುಂದೆ ಹೋಗಿಲ್ಲ ಎಂದಾದಾಗಲೇ ಸಭೆ ತೂಗಾಡುತ್ತದೆ. ಹಣ ನಿಂತರೆ ಶಿಕ್ಷಕಿಯ ಕೆಲಸ ಹೋಗುತ್ತದೆ, ಮಕ್ಕಳು ಚದುರುತ್ತಾರೆ. ಮುಂದುವರಿಸಿದರೆ ಸಾಲಿನಲ್ಲಿರುವ ಇನ್ನೊಂದು ಊರಿನ ಮಕ್ಕಳಿಗೆ ಸಿಗುವುದಿಲ್ಲ. ಆ ಇನ್ನೊಂದು ಊರಿನ ಮಕ್ಕಳ ಫೋಟೊ ಸಭೆಯಲ್ಲಿ ಇರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಮುಂದುವರಿಕೆಯೇ ಗೆಲ್ಲುತ್ತದೆ.

ಆದ್ದರಿಂದ ಬಿಟ್ಟುಬರುವ ದಾರಿಯನ್ನು ಆರಂಭದಲ್ಲೇ ಮಾತಾಡಿಕೊಳ್ಳುವುದು ಈಗ ಹೆಚ್ಚಿದೆ. ಸ್ಥಳೀಯ ದಾನಿಗಳನ್ನು ಹುಡುಕುವುದು ಒಂದು ದಾರಿ. 2013ರ ಕಂಪನಿ ಕಾಯ್ದೆಯ ನಂತರ ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ ಇನ್ನೊಂದು ದಾರಿ, ಆದರೆ ಆ ಹಣ ಕಂಪನಿಯ ಕಾರ್ಖಾನೆ, ಕಚೇರಿ ಇರುವ ಜಿಲ್ಲೆಗಳತ್ತ ಹೆಚ್ಚು ವಾಲುತ್ತದೆ. ಮೂರನೆಯದು ಸರ್ಕಾರವೇ ಕೆಲಸವನ್ನು ತನ್ನದಾಗಿಸಿಕೊಳ್ಳುವುದು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಕಾರ್ಡು ಪದ್ಧತಿಯನ್ನು ನೋಡಿ ಬಂದ ಶಿಕ್ಷಕರಿಂದ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಶುರುವಾದ ‘ನಲಿ-ಕಲಿ’, 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿತು. ಅಂಥ ಹರಡುವಿಕೆ ಅಪರೂಪ, ಹಂಬಲಿಸಿ ತರುವಂಥದ್ದೂ ಅಲ್ಲ. ಸಣ್ಣ ಯೋಜನೆಗಳಲ್ಲಿ ಬಹುಪಾಲಿಗೆ ಬೆಂಬಲ ಮುಗಿಯುವುದು ಇನ್ನೂ ಸಾದಾ ರೀತಿಯಲ್ಲಿ: ಊರಿಗೆ ಸರ್ಕಾರಿ ಶಾಲೆ ಬರುತ್ತದೆ, ಅಥವಾ ಇದ್ದ ಶಾಲೆಗೆ ಶಿಕ್ಷಕರು ಬರುತ್ತಾರೆ, ಮಕ್ಕಳು ಅಲ್ಲಿಗೆ ಸೇರುತ್ತಾರೆ, ಕೊನೆಯ ಕಂತಿನ ಆಡಿಟ್ ವರದಿ ಕಡತಕ್ಕೆ ಸೇರುತ್ತದೆ, ಆ ಮೊತ್ತ ಮುಂದಿನ ಪ್ರಸ್ತಾವಕ್ಕೆ ಹೋಗುತ್ತದೆ.